ಕೆಂಪು ಉಬ್ಬರದ ಪ್ರಕಟಣೆ ಕುರಿತು ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಡಲ ನೀರು ತುಕ್ಕಿನ ಬಣ್ಣಕ್ಕೆ ತಿರುಗಿದಾಗಲೆಲ್ಲ ‘ಕೆಂಪು ಉಬ್ಬರ ಕಂಡುಬಂದಿದೆ, ಸಾರ್ವಜನಿಕರು ಎಚ್ಚರ ವಹಿಸಬೇಕು’ ಎಂಬ ಒಂದೇ ಸಾಲಿನ ಪ್ರಕಟಣೆ ಹೊರಡುತ್ತದೆ. ಯಾವ ಜೀವಿಯ ಬಗ್ಗೆ, ಯಾವ ತೀರದಲ್ಲಿ, ಎಷ್ಟು ದಿನ ಎಂಬುದು ಅದರಲ್ಲಿ ಇರುವುದಿಲ್ಲವಾದ್ದರಿಂದ, ಆಳಸಮುದ್ರದಿಂದ ತಂದ ಒಳ್ಳೆಯ ಮೀನನ್ನೂ ಮರುದಿನ ಕೊಳ್ಳುವವರಿಲ್ಲ.

ಹೆಸರಿನಲ್ಲಿ ಉಬ್ಬರವಿದ್ದರೂ ಉಬ್ಬರವಿಳಿತಕ್ಕೂ ಇದಕ್ಕೂ ನಂಟಿಲ್ಲ. ಪೋಷಕಾಂಶ, ಬಿಸಿಲು, ಶಾಂತವಾದ ನೀರು ಕೂಡಿಬಂದಾಗ ಸೂಕ್ಷ್ಮ ಪಾಚಿಗಳು ಮಿತಿಮೀರಿ ಹಬ್ಬುವುದೇ ಇದು. ಬಣ್ಣ ನೋಡಿ ಅಪಾಯ ಅಳೆಯಲಾಗದು. ನಾಕ್ಟಿಲ್ಯೂಕಾ ಎಂಬ ಸೂಕ್ಷ್ಮಜೀವಿ ಕಡಲನ್ನೇ ಕೆಂಪಾಗಿಸಿದರೂ ಚಿಪ್ಪುಮೀನಿಗೆ ವಿಷವೇರಿಸುವಂಥದ್ದಲ್ಲ, ಆದರೆ ಅದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗಿ ತಳದ ಏಡಿ, ಮೀನುಗಳು ಉಸಿರುಗಟ್ಟಿ ಸಾಯಬಹುದು. ಅಲೆಕ್ಸಾಂಡ್ರಿಯಂ ಎಂಬ ಪಾಚಿ ಇದಕ್ಕೆ ತದ್ವಿರುದ್ಧ: ನೀರು ತಿಳಿಯಾಗಿ ಕಾಣುತ್ತಿರುವಾಗಲೇ ಚಿಪ್ಪುಮೀನಿನಲ್ಲಿ ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷವನ್ನು ಸೇರಿಸಿಬಿಡುತ್ತದೆ.

ಬಂಡೆಗೆ ಅಂಟಿಕೊಂಡ ಒಂದು ಚಿಪ್ಪುಮೀನು ಹಗಲೂ ರಾತ್ರಿ ನೀರನ್ನು ಸೋಸಿ ಪಾಚಿ ತಿನ್ನುತ್ತದೆ. ವಿಷ ಅದರ ಮಾಂಸದಲ್ಲಿ ಕೂಡಿಕೊಂಡರೂ ವಾಸನೆ, ರುಚಿ, ರೂಪ ಯಾವುದೂ ಬದಲಾಗುವುದಿಲ್ಲ. ಎಷ್ಟು ಬೇಯಿಸಿದರೂ ವಿಷ ಹೋಗದು. ತಿಂದವರಿಗೆ ಮೊದಲು ತುಟಿ ಜುಮ್ಮೆನ್ನುತ್ತದೆ. ವಿಷ ಹೆಚ್ಚಿದ್ದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಅಂತರರಾಷ್ಟ್ರೀಯವಾಗಿ ಒಪ್ಪಿರುವ ಮಿತಿ ಒಂದು ಕಿಲೋ ಮಾಂಸಕ್ಕೆ 0.8 ಮಿಲಿಗ್ರಾಂ ಮಾತ್ರ. ಕರುಳು ತೆಗೆದು ಶುಚಿ ಮಾಡಿದ, ಜೀವಂತ ಹಿಡಿದ ಮೀನಿನ ಮಾಂಸದಲ್ಲಾದರೋ ಈ ವಿಷ ಅಪಾಯದ ಮಟ್ಟಕ್ಕೆ ಸೇರುವುದು ವಿರಳ. ಪ್ರಕಟಣೆಯಲ್ಲಿ ಬರಬೇಕಾದದ್ದು ಈ ವ್ಯತ್ಯಾಸವೇ.

ನಷ್ಟವನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಫ್ಲಾರಿಡಾದಲ್ಲಿ 2017ರ ಕೊನೆಗೆ ಶುರುವಾದ ಕರೇನಿಯಾ ಬ್ರೆವಿಸ್ ಎಂಬ ವಿಷಪಾಚಿಯ ಹಾವಳಿ 2019ರ ಆರಂಭದವರೆಗೂ ಕಾಡಿ, ಮೀನುಗಳ ಜೊತೆಗೆ ಕಡಲಾಮೆ, ಡಾಲ್ಫಿನ್, ಕಡಲಹಸುಗಳನ್ನೂ ಬಲಿ ತೆಗೆದುಕೊಂಡಿತು. 2016ರಲ್ಲಿ ಚಿಲಿಯಲ್ಲಿ ಪಾಚಿ ಹಬ್ಬಿದಾಗ ಮೀನು ಸಾಕುವ ಪಂಜರಗಳಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಸಾವಿರಾರು ಟನ್ ಸಾಲ್ಮನ್ ಸತ್ತಿತು.

ಉಪಗ್ರಹ ಪಾಚಿ ಹಬ್ಬಿರುವುದನ್ನು ತೋರಿಸಬಲ್ಲದು, ಆದರೆ ಅದು ಯಾವ ಪಾಚಿ ಎಂದು ಖಚಿತಪಡಿಸಲು ಒಂದು ಸಣ್ಣ ಬಾಟಲಿ ನೀರಿಗೆ ನಾಲ್ಕು ಹನಿ ಅಯೋಡಿನ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಬೇಕು. ಆ ಬಾಟಲಿ ತುಂಬಿಕೊಡಲು ದೋಣಿಯವರು ನಾವೇ ಇದ್ದೇವೆ; ನೋಡಿ ಹೇಳುವವರನ್ನು ಬಂದರಿನಲ್ಲಿ ನೇಮಿಸಿಕೊಡಿ. ಚಿಪ್ಪುಮೀನು ತೆಗೆಯುವುದನ್ನು ನಿಲ್ಲಿಸುವ ಆದೇಶದಲ್ಲಿ ತೀರದ ಎಲ್ಲೆ, ಜೀವಿಯ ಹೆಸರು, ಮುಂದಿನ ಪರೀಕ್ಷೆಯ ದಿನಾಂಕ ಬರೆದಿರಲಿ. ನಿಷೇಧ ತೆರವಾಗುವುದು ನೀರಿನ ಬಣ್ಣ ತಿಳಿಯಾದಾಗ ಅಲ್ಲ, ಮಾಂಸದ ಪರೀಕ್ಷೆ ಮಿತಿಯೊಳಗೆ ಬಂದಾಗ. ಅಲ್ಲಿಯವರೆಗಿನ ದಿನಗಳಿಗೆ, ಚಿಪ್ಪು ಆರಿಸಿಯೇ ಬದುಕುವ ಹೆಂಗಸರಿಗೂ ಸೇರಿಸಿ, ಪರಿಹಾರ ನಿಗದಿಯಾಗಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಮೀನುಗಾರ