ರೊಟ್ಟಿಯ ಲೆಕ್ಕ ಕಲಿಸಿದ ಕಾಕಿಗೆ

ಧಾರವಾಡದ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಒಂದೇ ಹಂಚಿನಿಂದ ಆರಂಭಿಸಿದ ಜೋಳದ ರೊಟ್ಟಿ ಮತ್ತು ಹಿಂಡಿಯ (ಚಟ್ನಿಪುಡಿಯ) ಉದ್ಯೋಗಕ್ಕೆ ಈ ವಾರ ಎರಡು ವರ್ಷ ತುಂಬಿತು. ವ್ಯಾಪಾರದ ಗಂಧಗಾಳಿಯೂ ಇಲ್ಲದೆ ಇಳಿದ ನನಗೆ ದಾರಿ ತೋರಿದವರನ್ನು ನೆನೆಯದೆ ಮೂರನೆಯ ವರ್ಷಕ್ಕೆ ಕಾಲಿಡಲು ಮನಸ್ಸು ಒಪ್ಪುತ್ತಿಲ್ಲ.

1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ನಡೆಯುವ ಗ್ರಾಮೀಣ ಸ್ವಉದ್ಯೋಗ ತರಬೇತಿಯಲ್ಲಿ ಊಟ, ವಸತಿ ಕೊಟ್ಟು ಒಂದು ರೂಪಾಯಿಯನ್ನೂ ಪಡೆಯದೆ ಕಲಿಸಿದ ಗುರುಗಳಿಗೆ, ಆಹಾರ ಸುರಕ್ಷತಾ ನೋಂದಣಿಯನ್ನು ವರ್ಷಕ್ಕೆ 100 ರೂಪಾಯಿ ಶುಲ್ಕದಲ್ಲಿ ಮಾಡಿಸಿಕೊಟ್ಟ ಕಂಪ್ಯೂಟರ್ ಅಂಗಡಿಯ ತಮ್ಮನಿಗೆ, ಅಡವಿಲ್ಲದೆ 50,000 ರೂಪಾಯಿವರೆಗೆ ಸಿಗುವ ಮುದ್ರಾ ಯೋಜನೆಯ ಶಿಶು ಸಾಲದ ಅರ್ಜಿಯನ್ನು ತಾಳ್ಮೆಯಿಂದ ತುಂಬಿಸಿದ ಬ್ಯಾಂಕಿನ ಅಕ್ಕನಿಗೆ ನಾನು ಋಣಿ. ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಸಂಪೂರ್ಣ ಉಚಿತವೆಂದು ತಿಳಿಯುವ ಮೊದಲೇ ಮಧ್ಯವರ್ತಿಯೊಬ್ಬರಿಗೆ 2,500 ರೂಪಾಯಿ ಕೊಟ್ಟು ಕುಳಿತಿದ್ದೆ. ಹೊಸದಾಗಿ ಆರಂಭಿಸುವ ಯಾವ ತಂಗಿಯೂ ಹಾಗೆ ಹಣ ಕಳೆದುಕೊಳ್ಳಬಾರದೆಂದು ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆದರೆ ಓಣಿಯವರೆಲ್ಲ ಖಾನಾವಳಿ ಕಾಕಿ ಎಂದು ಕರೆಯುವ ಆ ಹಿರಿಯ ಜೀವದ ಋಣ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ನಾನು ರೊಟ್ಟಿಯೊಂದಕ್ಕೆ ಆರು ರೂಪಾಯಿ ಎಂದಾಗ ಕಾಕಿ ನನ್ನ ಮಗಳ ಶಾಲೆಯ ಹಳೆಯ ನೋಟುಪಟ್ಟಿಯೊಂದನ್ನು ತರಿಸಿ, ಜೋಳ, ಗಿರಣಿ, ಗ್ಯಾಸು, ಚೀಲ, ಆಟೋ ಬಾಡಿಗೆ ಎಲ್ಲವನ್ನೂ ಬರೆಸಿ, ಕೊನೆಗೆ "ನಿನ್ನ ಕೈಗೆ ಎಷ್ಟ ಹಚ್ಚೀದಿ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮನೆಯ ಹೆಂಗಸಿನ ದುಡಿಮೆಗೂ ಕೂಲಿಯುಂಟು, ಅದನ್ನು ಬೆಲೆಯಲ್ಲಿ ಸೇರಿಸದಿದ್ದರೆ ಹೆಚ್ಚು ಮಾರಿದಷ್ಟೂ ಹೆಚ್ಚು ಸವೆಯುತ್ತೇವೆ ಎಂಬುದನ್ನು ನಾನು ಕಲಿತದ್ದು ಅಂದೇ.

ಮೊದಲ ವರ್ಷದ ಆಷಾಢದ ಆ ರಾತ್ರಿಯನ್ನು ಹೇಗೆ ಬರೆಯಲಿ? ಮರುದಿನ ಮಧ್ಯಾಹ್ನದ ಊಟಕ್ಕೆ 300 ಖಡಕ್ ರೊಟ್ಟಿ ಕೊಡಬೇಕಿತ್ತು. ಬಿಡದೆ ಸುರಿಯುತ್ತಿದ್ದ ಮಳೆಯಲ್ಲಿ ಪಸೆ ಪೂರ್ತಿ ಆರುವ ಮೊದಲೇ ಚೀಲ ಕಟ್ಟಿದ್ದೆ. ರಾತ್ರಿ ಒಂಬತ್ತಕ್ಕೆ ಬಿಚ್ಚಿ ನೋಡಿದರೆ ರೊಟ್ಟಿಯ ಅಂಚಿನಲ್ಲಿ ಹಸಿರು ಬೂಸ್ಟು ಎದ್ದಿತ್ತು. ಸುದ್ದಿ ತಿಳಿದು ಛತ್ರಿಯನ್ನೂ ಹಿಡಿಯದೆ ಬಂದ ಕಾಕಿ, ಚೆನ್ನಾಗಿ ಕಂಡ ರೊಟ್ಟಿಗಳನ್ನಾದರೂ ಆರಿಸೋಣವೆಂದ ನನ್ನ ಕೈ ಹಿಡಿದು, "ಮಂದಿ ಹೊಟ್ಟಿಗೆ ಹೋಗೂದೈತಿ, ಒಂದೂ ಕಳಸಬ್ಯಾಡ" ಎಂದರು. ಗಿರಾಕಿಗೆ ಆಗಲೇ ಫೋನು ಮಾಡಿಸಿ, ಖಡಕ್ ರೊಟ್ಟಿ ಆಗದು, ಮೆತ್ತನೆಯ ರೊಟ್ಟಿಯನ್ನು ಹೊತ್ತಿಗೆ ಸರಿಯಾಗಿ ತಲುಪಿಸುತ್ತೇವೆ ಎಂದು ನನ್ನ ಬಾಯಿಂದಲೇ ಹೇಳಿಸಿದರು.

ಅಮ್ಮನ ಬಳೆ ಅಡವಿಟ್ಟು ತಂದ ಜೋಳ ತಿಪ್ಪೆ ಸೇರಿತ್ತು. ನನ್ನಿಂದ ಇದು ಆಗದು, ನಾನು ಯಾಕಾದರೂ ಇದಕ್ಕೆ ಕೈ ಹಾಕಿದೆನೋ ಎಂದು ಒಲೆಯ ಮುಂದೆ ಕುಸಿದು ಅತ್ತೆ. ಕಾಕಿ ಸಮಾಧಾನ ಹೇಳಲಿಲ್ಲ. "ಅಳೂದು ಆಮ್ಯಾಲ ಇರ್ಲಿ, ಮೊದ್ಲ ಎಸರಿಡು" ಎಂದು ಸೆರಗು ಸಿಕ್ಕಿಸಿ, ತಮ್ಮ ಮನೆಯಿಂದ ಎರಡನೆಯ ಹಂಚು ತರಿಸಿ, ನೋಯುವ ಮೊಣಕಾಲು ಚಾಚಿಕೊಂಡು ಬಡಿಯಲು ಕುಳಿತರು. ಅವರ ಅಂಗೈಯ ಸಪ್ಪಳ ಒಂದೇ ಲಯದಲ್ಲಿ ಬೆಳಗಿನವರೆಗೂ ನಿಲ್ಲಲಿಲ್ಲ. ನನ್ನದು ತಪ್ಪಿದಾಗಲೆಲ್ಲ ಆ ಲಯವನ್ನೇ ಹಿಡಿದು ಮತ್ತೆ ಬಡಿದೆ. ಅಂದು ರೊಟ್ಟಿ ಪಡೆದ ಮನೆಯವರು ಇಂದಿಗೂ ನಮ್ಮ ಗಿರಾಕಿಗಳು.

ಕೂಲಿ ಕೊಡಲು ಹೋದಾಗ ಕಾಕಿ ತೆಗೆದುಕೊಳ್ಳಲಿಲ್ಲ. ಎರಡು ರೊಟ್ಟಿ, ಒಂದಿಷ್ಟು ಗುರೆಳ್ಳು ಹಿಂಡಿ ಸಾಕೆಂದರು. ಈಗಲೂ ಶನಿವಾರ ಬಂದು ಲೆಕ್ಕದ ಪಟ್ಟಿ ನೋಡುತ್ತಾರೆ, ಮೊದಲು ನನ್ನ ಕೂಲಿಯ ಸಾಲನ್ನೇ ಹುಡುಕುತ್ತಾರೆ. ಅವರ ಬಳಿ ಇದನ್ನು ಓದುವಂಥ ಸ್ಮಾರ್ಟ್ ಫೋನು ಇಲ್ಲವಾದ್ದರಿಂದ ಈ ಬರಹವನ್ನು ಬರುವ ಶನಿವಾರ ಅವರೆದುರು ಕುಳಿತು ನಾನೇ ಓದಿ ಹೇಳುತ್ತೇನೆ.