ಅಪ್ಪನ ರೆಕಾರ್ಡುಗಳು ಮತ್ತೆ ಹಾಡುತ್ತಿವೆ, ಎಲ್ಲರಿಗೂ ಥ್ಯಾಂಕ್ಸ್

ಅಪ್ಪ ಬಿಟ್ಟುಹೋದ ರೆಕಾರ್ಡುಗಳ ಕೆಲಸ ಮುಗಿಯಿತು. ಒಂದನ್ನೂ ಬಿಡದೆ ತೊಳೆದು, ಕೇಳಿ, ಪಟ್ಟಿ ಮಾಡಿದ್ದಾಯಿತು. ಕೈಜೋಡಿಸಿದವರನ್ನು ನೆನೆಯದೆ ಸುಮ್ನೆ ಇರಲು ಆಗುತ್ತಿಲ್ಲ.

ಅಪ್ಪ ಹೋದ ಮೇಲೆ ಆ ಪೆಟ್ಟಿಗೆಗಳನ್ನು ಮುಟ್ಟುವ ಧೈರ್ಯ ನನಗೆ ಬಹಳ ಕಾಲ ಬರಲಿಲ್ಲ. ಗುಜರಿಗೆ ಹಾಕಿ ಎಂದವರೂ ಇದ್ದರು. ಮೊದಲು ಮುಚ್ಚಳ ತೆಗೆದವಳು ತಂಗಿ. ಹಾಗಾಗಿ ಮೊದಲ ಥ್ಯಾಂಕ್ಸ್ ಅವಳಿಗೆ.

ಆಮೇಲೆ ಸಿಕ್ಕವರು ಅಪ್ಪನ ಹಳೆಯ ಗೆಳೆಯರು, ಅವರೂ ರೆಕಾರ್ಡು ಕೂಡಿಟ್ಟವರು. ನನಗೆ ಗೊತ್ತಿರುವುದೆಲ್ಲ ಅವರು ಹೇಳಿಕೊಟ್ಟದ್ದೇ. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಹಳೆಯ 78ರ ರೆಕಾರ್ಡುಗಳಲ್ಲಿ ಹೆಚ್ಚಿನವು ವಿನೈಲ್ ಅಲ್ಲ, ಅರಗಿನವು. ಸ್ಪಿರಿಟ್ ಹಾಕಿ ಒರೆಸಿದರೆ ಅರಗು ಕರಗಿ ಗೆರೆಗಳೇ ಹಾಳಾಗುತ್ತವೆ. ಇದನ್ನು ಅವರು ಕೆಲಸ ಶುರುವಾಗುವ ಮೊದಲೇ ಎಚ್ಚರಿಸಿದರು. ಗೆರೆಯೊಳಗೆ ಓಡಿ ಹಾಡು ಹೊರಡಿಸುವ ಮುಳ್ಳಿನ ವಿಷಯವೂ ಅಷ್ಟೇ. 78ಕ್ಕೆ ಹಾಕುವ ಮುಳ್ಳಿನ ತುದಿ ಎಲ್‌ಪಿಯದಕ್ಕಿಂತ (ಆಮೇಲೆ ಬಂದ, ಹೆಚ್ಚು ಹೊತ್ತು ಹಾಡುವ ರೆಕಾರ್ಡು) ಸುಮಾರು 3 ಪಟ್ಟು ದಪ್ಪ ಇರಬೇಕು. ಸಣ್ಣ ಮುಳ್ಳು ಅಗಲ ಗೆರೆಯ ತಳಕ್ಕೆ ಇಳಿದುಬಿಡುತ್ತದೆ. ಆಗ ಹಾಡಿಗಿಂತ ಕರಕರ ಸದ್ದೇ ಜಾಸ್ತಿ. ಸರಿಯಾದ ಮುಳ್ಳು ಹಾಕಿದ ದಿನ, ಇಷ್ಟು ಹೊತ್ತು ಗೋಡೆಯಾಚೆ ಹಾಡುತ್ತಿದ್ದವರು ಕೋಣೆಯೊಳಗೆ ಬಂದು ಕೂತಂತಾಯಿತು.

ಟರ್ನ್‌ಟೇಬಲ್ ರಿಪೇರಿ ಮಾಡಿದ ಅಣ್ಣನಿಗೂ ದೊಡ್ಡ ಥ್ಯಾಂಕ್ಸ್. ಬೆಲ್ಟ್ ಬದಲಿಸಿ ಎದ್ದು ಹೋಗಬಹುದಿತ್ತು. ಅವರು ಹೋಗಲಿಲ್ಲ. ಗೆರೆ ಎಳೆದ ಒಂದು ಬಿಲ್ಲೆಯನ್ನು ಮೇಲಿಟ್ಟು, ಅದರ ಲೆಕ್ಕಕ್ಕೆ ಹೊಂದುವ ದೀಪದ ಬೆಳಕಲ್ಲಿ ತಿರುಗಿಸಿ, ಗೆರೆಗಳು ನಿಂತ ಹಾಗೆ ಕಾಣುವವರೆಗೂ ವೇಗ ಸರಿಮಾಡುತ್ತಾ ಕೂತರು. ವೇಗ ಏರಿದರೆ ಶ್ರುತಿಯೂ ಏರುತ್ತದಲ್ವಾ? ಅಪ್ಪ ಕೇಳಿದ ಶ್ರುತಿಯಲ್ಲೇ ನಮಗೂ ಕೇಳಬೇಕಿತ್ತು.

ಅಮ್ಮನ ಬಗ್ಗೆ ಎಷ್ಟು ಬರೆದರೂ ಕಮ್ಮಿ. ಕೆಲವು ರೆಕಾರ್ಡುಗಳ ಲೇಬಲ್ ಹರಿದು ಏನೂ ಓದಲು ಬರುತ್ತಿರಲಿಲ್ಲ. ಅಮ್ಮ ಒಂದು ಸಾಲು ಕೇಳಿ ಮುಂದಿನ ಸಾಲು ಹಾಡುತ್ತಿದ್ದರು, ಆಮೇಲೆ ಹಾಡಿದವರ ಹೆಸರು ಹೇಳುತ್ತಿದ್ದರು. ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೊರೆದ ನಂಬರುಗಳನ್ನು ತಂಗಿ ಭೂತಗನ್ನಡಿಯಲ್ಲಿ ಓದಿ ತಾಳೆ ನೋಡುತ್ತಿದ್ದಳು. ಅಮ್ಮ ಹೇಳಿದ್ದೇ ಸರಿ ಇರುತ್ತಿತ್ತು. ಅಪ್ಪ ಹೋದ ಮೇಲೆ ಅಮ್ಮ ಬಾಯಿಬಿಟ್ಟು ಹಾಡಿದ್ದನ್ನು ನಾವು ಕೇಳಿರಲೇ ಇಲ್ಲ.

10 ಇಂಚಿನ 78ರ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಸುಮಾರು 3 ನಿಮಿಷ. 1948ರಲ್ಲಿ ಎಲ್‌ಪಿ ಬಂದ ಮೇಲೆ ಒಂದು ಮಗ್ಗುಲಲ್ಲಿ 20 ನಿಮಿಷಕ್ಕೂ ಜಾಸ್ತಿ ಹಿಡಿಸಲು ಸಾಧ್ಯವಾಯಿತು. ಅಪ್ಪ ಎರಡನ್ನೂ ಕೂಡಿಟ್ಟಿದ್ದರು. ನನಗೆ ಮಾತ್ರ 78ರವೇ ಇಷ್ಟ. ಪೀಠಿಕೆಗೆ ಪುರುಸೊತ್ತಿಲ್ಲ, ಮೊದಲ ಉಸಿರಿಗೇ ಹಾಡಿನ ಜೀವ ಬಂದುಬಿಡುತ್ತದೆ.

ತಡರಾತ್ರಿವರೆಗೆ ಇದನ್ನೆಲ್ಲ ಸಹಿಸಿದ ನೆರೆಮನೆಯವರಿಗೂ, ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿಡಲು ಕಪಾಟು ಮಾಡಿಕೊಟ್ಟ ಭಾವನಿಗೂ ಥ್ಯಾಂಕ್ಸ್.

ಪಟ್ಟಿ ಬೇಕಾದವರು ಕೇಳಿ, ಕಳಿಸುತ್ತೇನೆ. ಎರಡೆರಡು ಪ್ರತಿ ಇರುವ ರೆಕಾರ್ಡುಗಳನ್ನು ಮೊದಲು ಅಪ್ಪನ ಗೆಳೆಯರ ಮುಂದಿಡುತ್ತೇನೆ. ಅವರು ಆರಿಸಿಕೊಂಡು ಉಳಿದದ್ದು ನಿಮ್ಮದು.