ಬುಲ್ಸ್ ಟಿಕೆಟ್ ಪ್ಯಾಕೇಜ್ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ನೇಪರ್‌ವಿಲ್, ಆಗಸ್ಟ್ 2025

ಪ್ರೀತಿಯ ಗ್ರಾಹಕರೇ,

ಮೊದಲು ವಿಷಯ ಹೇಳಿಬಿಡುತ್ತೇವೆ, ಕಾರಣ ಆಮೇಲೆ. ಅಕ್ಟೋಬರ್‌ನಲ್ಲಿ ಶುರುವಾಗುವ ಸೀಸನ್‌ನಿಂದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗಿನ ಶಿಕಾಗೋ ಬುಲ್ಸ್ ತಂಡದ 41 ತವರು ಪಂದ್ಯಗಳ ಪೂರ್ತಿ ಪ್ಯಾಕೇಜನ್ನು ನಾವು ಹಂಚುವುದಿಲ್ಲ. ಅದರ ಜೊತೆ ಪ್ರತಿ ಮನೆಯಿಂದ ತೆಗೆದುಕೊಳ್ಳುತ್ತಿದ್ದ ಪ್ಲೇಆಫ್ (ಸೀಸನ್ ಮುಗಿದ ಮೇಲೆ ಮೇಲಿನ ತಂಡಗಳು ಕಪ್‌ಗಾಗಿ ಆಡುವ ಸುತ್ತು) ಮುಂಗಡವೂ ಇನ್ನು ಇಲ್ಲ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಣ ವಾಪಸ್ ಬರುತ್ತದೆ. ಇನ್ನು ಮುಂದೆ ಇರುವುದು ನೀವೇ ಆರಿಸಿಕೊಳ್ಳುವ ಎಂಟು ಪಂದ್ಯಗಳ ಸಣ್ಣ ಪ್ಯಾಕೇಜ್. ಬೇಕಾದವರಿಗೆ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಆಡುವ ವಿಂಡಿ ಸಿಟಿ ಬುಲ್ಸ್ ತಂಡದ ಪಂದ್ಯಗಳೂ ಇವೆ.

ಸುದ್ದಿ ಕಿವಿಗೆ ಬಿದ್ದ ಕೂಡಲೇ ಕೆಲವರು ಫೋನ್ ಮಾಡಿ, "ಈ ವರ್ಷವೂ ಬುಲ್ಸ್ ಪ್ಲೇಆಫ್‌ಗೆ ಹೋಗಲ್ಲ ಅಂತ ನೀವೇ ತೀರ್ಮಾನ ಮಾಡಿಬಿಟ್ರಾ?" ಎಂದು ಕೇಳಿದರು. ಹಾಗೇನಿಲ್ಲ. ಹೋಗಲೂಬಹುದು. ಆದರೆ ಹೋಗಬಹುದು, ಹೋಗದೆಯೂ ಇರಬಹುದು ಎನ್ನುವ ಆಸೆಯ ಮೇಲೆ ನಿಮ್ಮಿಂದ ಬೇಸಿಗೆಯಲ್ಲೇ ದುಡ್ಡು ತೆಗೆದುಕೊಳ್ಳುವುದು ನಮಗೆ ಸರಿ ಕಾಣುತ್ತಿಲ್ಲ.

ಕಳೆದ ಮೂರು ಸೀಸನ್ನಿನ ಲೆಕ್ಕ ನೋಡಿ. 2022-23ರಲ್ಲಿ 40 ಗೆಲುವು, 42 ಸೋಲು. ಮುಂದಿನ ವರ್ಷ 39-43. ಅದರ ಮುಂದಿನ ವರ್ಷವೂ 39-43. ಪೂರ್ವ ವಿಭಾಗದಲ್ಲಿ ಹತ್ತನೇ ಸ್ಥಾನ, ಒಂಬತ್ತನೇ ಸ್ಥಾನ, ಮತ್ತೆ ಒಂಬತ್ತನೇ ಸ್ಥಾನ. ಏಳರಿಂದ ಹತ್ತನೇ ಸ್ಥಾನದ ತಂಡಗಳು ಪ್ಲೇಆಫ್‌ನ ಕೊನೆಯ ಎರಡು ಜಾಗಕ್ಕೆ ಆಡುವ ಪ್ಲೇ-ಇನ್ ಇದೆಯಲ್ಲ, ಮೂರು ಸಲವೂ ನಮ್ಮವರ ಸೀಸನ್ ಅಲ್ಲೇ ಮುಗಿಯಿತು. ಮೂರು ಸಲವೂ ಕೊನೆಗೆ ಸೋಲಿಸಿದ್ದು ಮಯಾಮಿ ಹೀಟ್. ಹೀಗೆ ಬರೆದರೆ ಯಾರೋ ತಮಾಷೆಗೆ ಕಟ್ಟಿದ ಕಥೆಯ ಹಾಗಿದೆ, ಅಲ್ವಾ?

ಬುಲ್ಸ್‌ನ ತವರು ಅಂಗಳ ಯುನೈಟೆಡ್ ಸೆಂಟರ್‌ನಲ್ಲಿ ಕೊನೆಯ ಸಲ ಪ್ಲೇಆಫ್ ಪಂದ್ಯ ನಡೆದದ್ದು 2022ರ ಏಪ್ರಿಲ್‌ನಲ್ಲಿ, ಮಿಲ್ವಾಕಿ ಬಕ್ಸ್ ವಿರುದ್ಧ. ಎರಡು ಪಂದ್ಯ, ಎರಡರಲ್ಲೂ ಸೋಲು. ಆಮೇಲೆ ನಾವು ಮುಂಗಡ ತೆಗೆದುಕೊಳ್ಳುವುದು, ಏಪ್ರಿಲ್ ಕೊನೆಗೆ ಅದನ್ನು ಹಿಂದಿರುಗಿಸುವುದು, ಇದೇ ಆಯಿತು. ನಿಮ್ಮ ಹಣ ಸುಮ್ನೆ ನಮ್ಮ ಖಾತೆಯಲ್ಲಿ ಕೂತಿರುತ್ತಿತ್ತು.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಟಿಕೆಟ್ ಬಗ್ಗೆ ಮಾತಾಡಲು ಬಂದ ಪ್ರತಿಯೊಬ್ಬರೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತಾರೆ. ಬುಲ್ಸ್ ಎಲ್ಲ ಕೆಡವಿ ಹೊಸದಾಗಿ ತಂಡ ಕಟ್ಟಬೇಕಾ, ಇಲ್ಲ ಇರುವವರನ್ನು ಇಟ್ಟುಕೊಂಡು ಪ್ಲೇಆಫ್ ಬೆನ್ನು ಹತ್ತಬೇಕಾ? ನಮ್ಮಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ. ಲೆಕ್ಕ ನೋಡಿಕೊಳ್ಳುವವರು ಪ್ಲೇಆಫ್ ಪಕ್ಷ, ಸೀಟು ಹಂಚುವವರು ರೀಬಿಲ್ಡ್ ಪಕ್ಷ. ಆದ್ದರಿಂದ ಎರಡೂ ಕಡೆಯ ಮಾತು ಹೇಳುತ್ತೇವೆ. ಆದರೆ ಪತ್ರ ಬರೆಯುತ್ತಿರುವವರು ಯಾವ ಪಕ್ಷ ಎನ್ನುವುದು ನಿಮಗೆ ಬೇಗ ಗೊತ್ತಾಗುತ್ತದೆ.

ಪ್ಲೇಆಫ್ ಪಕ್ಷದ ವಾದ ಕಡೆಗಣಿಸುವಂಥದ್ದಲ್ಲ. 2023ರ ಪ್ಲೇ-ಇನ್ ಮೊದಲ ಪಂದ್ಯದಲ್ಲಿ ಬುಲ್ಸ್ ಟೊರಾಂಟೊಗೆ ಹೋಗಿ 109-105ರಿಂದ ಗೆದ್ದರು. ಆಗ ಬುಲ್ಸ್‌ನಲ್ಲಿದ್ದ ಡಿಮಾರ್ ಡಿರೋಜನ್ ಅವರ ಪುಟ್ಟ ಮಗಳು ಗ್ಯಾಲರಿಯಿಂದ ಕಿರುಚುತ್ತಿದ್ದರೆ ಟೊರಾಂಟೊ ರ್‍ಯಾಪ್ಟರ್ಸ್ 36 ಫ್ರೀ ಥ್ರೋಗಳಲ್ಲಿ 18 ತಪ್ಪಿಸಿದರು. ಆ ರಾತ್ರಿಯ ಖುಷಿ ಯಾವ ಡ್ರಾಫ್ಟ್ ಪಿಕ್‌ನಲ್ಲೂ ಸಿಗುವುದಿಲ್ಲ (ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸುವುದು ಡ್ರಾಫ್ಟ್, ಆ ಸರದಿಯೇ ಪಿಕ್). ಎರಡು ದಿನದ ನಂತರ ಮಯಾಮಿಯಲ್ಲಿ ಕೊನೆಯ ಕೆಲವು ನಿಮಿಷಗಳವರೆಗೂ ಮುಂದಿದ್ದು, 102-91ರಿಂದ ಸೋತರು. ಅಂದು ನಮ್ಮನ್ನು ಸೋಲಿಸಿದ ಅದೇ ಮಯಾಮಿ ಎಂಟನೇ ತಂಡವಾಗಿ ಒಳಗೆ ಹೋಗಿ ಫೈನಲ್ಸ್‌ವರೆಗೆ ನಡೆಯಿತು. ಬಾಗಿಲು ದಾಟಿದರೆ ಏನಾದರೂ ಆಗಬಹುದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ರೀಬಿಲ್ಡ್ ಅಂದರೆ ಏನು ಎನ್ನುವುದೂ ಈ ಊರಿಗೆ ಹೊಸದಲ್ಲ. 1998ರಲ್ಲಿ ಮೈಕಲ್ ಜೋರ್ಡನ್ ಆರನೇ ಕಪ್ ಗೆದ್ದು ಹೋದ ಮೇಲೆ ತಂಡ 17-65, 15-67 ಎಂದು ಸೋಲುತ್ತಾ ಹೋಯಿತು. ಮತ್ತೆ ಪ್ಲೇಆಫ್ ಕಂಡದ್ದು 2005ರಲ್ಲಿ. 2017ರಲ್ಲಿ ಜಿಮ್ಮಿ ಬಟ್ಲರ್ ಅವರನ್ನು ಮಿನೆಸೋಟಾಗೆ ಕೊಟ್ಟು ಇನ್ನೊಮ್ಮೆ ಕಟ್ಟಲು ಹೊರಟರು. 27 ಗೆಲುವು, ಆಮೇಲೆ 22 ಗೆಲುವು. ಬಟ್ಲರ್ ವ್ಯಾಪಾರದಲ್ಲಿ ಬಂದದ್ದು ಏಳನೇ ಪಿಕ್, ಆಮೇಲೆ ಅಷ್ಟು ಸೋತರೂ ಎರಡು ವರ್ಷವೂ ಸಿಕ್ಕಿದ್ದು ಏಳನೇ ಪಿಕ್. ಲೌರಿ ಮಾರ್ಕನೆನ್, ವೆಂಡೆಲ್ ಕಾರ್ಟರ್, ಕೋಬಿ ವೈಟ್. ಯಾರೂ ಕೆಟ್ಟ ಆಟಗಾರರಲ್ಲ, ಆದರೆ ತಂಡವನ್ನು ಒಬ್ಬರೇ ಎತ್ತುವವರಲ್ಲ.

ಬೇಕಂತಲೇ ಸೋತರೂ, ಮೊದಲ ಪಿಕ್‌ಗಳು ಯಾರಿಗೆ ಎಂದು ತೀರ್ಮಾನಿಸುವ ಲಾಟರಿ ಕೈಕೊಡುತ್ತದೆ. 2019ರಿಂದ ತೀರಾ ಕೆಳಗಿನ ಮೂರು ತಂಡಗಳಿಗೆ ಮೊದಲ ಪಿಕ್ ಸಿಗುವ ಅವಕಾಶ ತಲಾ ಶೇ 14 ಮಾತ್ರ. ಈ ವರ್ಷ 17 ಪಂದ್ಯ ಗೆದ್ದ ಯೂಟಾಗೆ ಐದನೇ ಪಿಕ್, 18 ಗೆದ್ದ ವಾಷಿಂಗ್ಟನ್‌ಗೆ ಆರನೇ ಪಿಕ್. ಮೊದಲ ಪಿಕ್ ಹೋಗಿದ್ದು ಡಲ್ಲಾಸ್‌ಗೆ. ಅದರ ಕಥೆ ಕೇಳಿದರೆ ಬುಲ್ಸ್ ಅಭಿಮಾನಿಗಳಿಗೆ ಈಗಲೂ ಹೊಟ್ಟೆ ಉರಿಯುತ್ತದೆ. ಡಲ್ಲಾಸ್ ಕೂಡ ನಮ್ಮಂತೆಯೇ 39-43. ಸಮಬಲ ಬಿಡಿಸಲು ಚೀಟಿ ಎತ್ತಿದರು, ಅದರಲ್ಲಿ ಡಲ್ಲಾಸ್ ಗೆದ್ದಿತು. ಅವರಿಗೆ ಶೇ 1.8 ಅವಕಾಶ, ನಮಗೆ 1.7. ಅವರು ಎಲ್ಲರ ಕಣ್ಣಿದ್ದ ಹುಡುಗ ಕೂಪರ್ ಫ್ಲ್ಯಾಗ್ ಅವರನ್ನು ಕರೆದುಕೊಂಡು ಹೋದರು. ನಾವು 12ನೇ ಪಿಕ್‌ನಲ್ಲಿ ಫ್ರಾನ್ಸಿನ ಹುಡುಗ ನೊವಾ ಎಸೆಂಗೆ ಅವರನ್ನು ತೆಗೆದುಕೊಂಡೆವು. ತಮಾಷೆ ಎಂದರೆ 2008ರಲ್ಲಿ ಇದೇ ಶೇ 1.7 ಅವಕಾಶದಲ್ಲಿ ಬುಲ್ಸ್‌ಗೆ ಮೊದಲ ಪಿಕ್ ಬಂದು, ಈ ಊರಿನದೇ ಹುಡುಗ ಡೆರಿಕ್ ರೋಸ್ ಸಿಕ್ಕಿದ್ದರು.

ಹಾಗಾದರೆ ನಾವು ರೀಬಿಲ್ಡ್ ಅನ್ನುವುದು ಯಾಕೆ? ನಮ್ಮ ತಕರಾರು ಒಂಬತ್ತನೇ ಸ್ಥಾನದ ಬಗ್ಗೆ ಅಲ್ಲ, ಆ ಸ್ಥಾನಕ್ಕೆ ಕೊಡುತ್ತಿರುವ ಬೆಲೆಯ ಬಗ್ಗೆ. 2021ರಲ್ಲಿ ನಿಕೋಲಾ ವುಚೆವಿಚ್ ಅವರನ್ನು ತರಲು ಒರ್ಲಾಂಡೊಗೆ ಎರಡು ಮೊದಲ ಸುತ್ತಿನ ಪಿಕ್ ಕೊಟ್ಟರು. ಅದರಲ್ಲಿ ಒಂದು ಫ್ರಾಂಜ್ ವ್ಯಾಗ್ನರ್ ಆಯಿತು. ಆ ಬೇಸಿಗೆಯಲ್ಲೇ ಡಿರೋಜನ್, ಲಾಂಜೊ ಬಾಲ್, ಅಲೆಕ್ಸ್ ಕರೂಸೊ ಬಂದರು. ಒಂದು ಅರ್ಧ ಸೀಸನ್ ಎಷ್ಟು ಚೆಂದ ಆಡಿದರು! 2022ರ ಜನವರಿಯಲ್ಲಿ ಲಾಂಜೊ ಮಂಡಿ ಕೈಕೊಟ್ಟಿತು. ಅವರು ಮತ್ತೆ ಅಂಗಳಕ್ಕೆ ಇಳಿದದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಆ ತಂಡದ ಕಾಲ ಮುಗಿದಿತ್ತು. ಲಾಂಜೊ ಗಾಯಗೊಂಡಾಗಲೇ ಡಿರೋಜನ್, ಕರೂಸೊ ಇಬ್ಬರಿಗೂ ಒಳ್ಳೆಯ ಬೆಲೆ ಇದ್ದಾಗ ಮಾರಿ ಪಿಕ್ ಕೂಡಿಡಬಹುದಿತ್ತು. ಮಾಡಲಿಲ್ಲ. 2024ರಲ್ಲಿ ಕರೂಸೊ ಒಕ್ಲಹೋಮಾ ಸಿಟಿಗೆ ಹೋದರು, ಬದಲಿಗೆ ಜೋಶ್ ಗಿಡ್ಡಿ ಬಂದರು, ಜೊತೆಗೆ ಒಂದು ಪಿಕ್ ಕೂಡ ಬರಲಿಲ್ಲ. ಈ ಜೂನ್‌ನಲ್ಲಿ ಕರೂಸೊ ಕೈಯಲ್ಲಿ ಚಾಂಪಿಯನ್ ಕಪ್ ನೋಡಿದಿರಲ್ಲ.

ಆ ಒಕ್ಲಹೋಮಾ ಸಿಟಿಯನ್ನೇ ನೋಡಿ. 2021-22ರಲ್ಲಿ 24 ಗೆಲುವು. 2024-25ರಲ್ಲಿ 68 ಗೆಲುವು ಮತ್ತು ಕಪ್. ಬರೀ ಸೋತು ಗೆದ್ದವರಲ್ಲ ಅವರು. ಅವರ ತಾರೆ ಶೇ ಗಿಲ್ಜಸ್-ಅಲೆಕ್ಸಾಂಡರ್ ಬಂದದ್ದು 2019ರಲ್ಲಿ ಪಾಲ್ ಜಾರ್ಜ್ ಅವರನ್ನು ಕೊಟ್ಟಾಗ. ಜೇಲನ್ ವಿಲಿಯಮ್ಸ್ ಸಿಕ್ಕಿದ್ದು 12ನೇ ಪಿಕ್‌ನಲ್ಲಿ, ಅದೂ ಆ ವ್ಯಾಪಾರದಲ್ಲಿ ಬಂದ ಪಿಕ್. ಬೆಲೆ ಇದ್ದಾಗ ಮಾರಿದರು, ಪಿಕ್ ಕೂಡಿಟ್ಟರು, ಹುಡುಗರನ್ನು ಆಡಿಸಿದರು. ನಾವು ಕೇಳುವುದು ಇಷ್ಟೇ. ಬೇಕಂತ ಸೋಲಿ ಎಂದು ಕೇಳುತ್ತಿಲ್ಲ. ಫಿಲಡೆಲ್ಫಿಯಾ ಒಂದು ವರ್ಷ 10-72 ಮಾಡಿಕೊಂಡೂ ಎರಡನೇ ಸುತ್ತು ದಾಟಿಲ್ಲ.

ಫೆಬ್ರವರಿಯಲ್ಲಿ ಜ್ಯಾಕ್ ಲವೀನ್ ಅವರನ್ನು ಸ್ಯಾಕ್ರಮೆಂಟೊಗೆ ಕೊಟ್ಟು, ಸ್ಯಾನ್ ಆಂಟೋನಿಯೊಗೆ ಹೋಗಬೇಕಿದ್ದ ತಮ್ಮದೇ ಪಿಕ್ ಬಿಡಿಸಿಕೊಂಡಾಗ ನಮಗೆ ಖುಷಿಯಾಗಿತ್ತು. ಆಮೇಲೆ ಏನಾಯಿತು? ಕೊನೆಯ 20 ಪಂದ್ಯಗಳಲ್ಲಿ 15 ಗೆದ್ದರು. ಮತ್ತೆ ಒಂಬತ್ತನೇ ಸ್ಥಾನ, ಮತ್ತೆ ಮಯಾಮಿ, ಈ ಸಲ ನಮ್ಮ ಮನೆಯಲ್ಲೇ 109-90. ಟೈಲರ್ ಹೀರೋ ಒಬ್ಬರೇ 38 ಹೊಡೆದರು. ಆ 15 ಗೆಲುವು ಲೆಕ್ಕದವರಿಗೆ ಭರವಸೆಯಾಗಿ ಕಾಣುತ್ತದೆ. ನಮಗೆ ಅದು ತ್ರಿಶಂಕು ಸ್ವರ್ಗ: ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ತಂಡಕ್ಕೆ ಅವಸರ ಇಲ್ಲದಿರುವುದಕ್ಕೆ ಒಂದು ಕಾರಣ ನಾವೂ ನೀವೂ ಇರಬಹುದು. ಗೆಲ್ಲಲಿ, ಸೋಲಲಿ, ಯುನೈಟೆಡ್ ಸೆಂಟರ್ ತುಂಬುತ್ತದೆ.

ಈ ಬೇಸಿಗೆಯೂ ಅಷ್ಟೇ. ಲಾಂಜೊ ಕ್ಲೀವ್‌ಲ್ಯಾಂಡ್‌ಗೆ ಹೋದರು, ಐಸಾಕ್ ಒಕೋರೊ ಬಂದರು. ಗಿಡ್ಡಿ ಒಪ್ಪಂದ ಈ ಪತ್ರ ಬರೆಯುವ ಹೊತ್ತಿಗೂ ಆಗಿಲ್ಲ. ವುಚೆವಿಚ್ ಮತ್ತು ಕೋಬಿ ವೈಟ್ ಇಬ್ಬರ ಒಪ್ಪಂದವೂ ಬರುವ ಬೇಸಿಗೆಗೆ ಮುಗಿಯುತ್ತದೆ. ಅವರನ್ನು ಆಟಗಾರರ ವ್ಯಾಪಾರಕ್ಕಿರುವ ಫೆಬ್ರವರಿಯ ಗಡುವಿನೊಳಗೆ ಮಾರುತ್ತಾರಾ, ಇಟ್ಟುಕೊಂಡು ಮತ್ತೆ ಪ್ಲೇ-ಇನ್ ಆಡುತ್ತಾರಾ ಗೊತ್ತಿಲ್ಲ. ಹೀಗಿರುವಾಗ ಮಾರ್ಚ್‌ನಲ್ಲಿ ಯಾರು ಆಡುತ್ತಾರೆ ಎಂದು ತಿಳಿಯದ ತಂಡದ 41 ಟಿಕೆಟ್‌ಗಳನ್ನು ಆಗಸ್ಟ್‌ನಲ್ಲೇ ನಿಮ್ಮ ತಲೆಗೆ ಕಟ್ಟುವುದು ಬೇಡ ಎನಿಸಿತು.

ಇನ್ನು ವ್ಯವಹಾರ. ಜನವರಿಯ ಮಂಗಳವಾರ ರಾತ್ರಿ, ಹೊರಗೆ ಹಿಮ ಬೀಳುವಾಗ, ಷಾರ್ಲೆಟ್ ವಿರುದ್ಧದ ಪಂದ್ಯದ ಟಿಕೆಟ್ ಯಾರಿಗೂ ಬೇಡ. ಲೇಕರ್ಸ್ ಬಂದರೆ ಎಲ್ಲರಿಗೂ ಬೇಕು. ಹಾಗಾಗಿ ಎಂಟರ ಪ್ಯಾಕೇಜ್‌ನಲ್ಲಿ ಎರಡು ದೊಡ್ಡ ಪಂದ್ಯ ಮಾತ್ರ ಆರಿಸಬಹುದು. ಉಳಿದ ಆರು ವಾರಾಂತ್ಯದ್ದಿರಲಿ, ವಾರದ ದಿನದ್ದಿರಲಿ, ನಿಮ್ಮಿಷ್ಟ. ದೊಡ್ಡ ಪಂದ್ಯಕ್ಕೆ ಬೇಡಿಕೆ ಜಾಸ್ತಿಯಾದರೆ ಚೀಟಿ ಎತ್ತುತ್ತೇವೆ. ಆಗದ ದಿನದ ಟಿಕೆಟ್ಟನ್ನು ಪಂದ್ಯಕ್ಕೆ ಮೂರು ದಿನ ಮೊದಲು ಹೇಳಿದರೆ ಇನ್ನೊಂದು ಮನೆಗೆ ಬದಲಾಯಿಸಿಕೊಡುತ್ತೇವೆ. ಪ್ಲೇ-ಇನ್ ಅಥವಾ ಪ್ಲೇಆಫ್ ತವರು ಪಂದ್ಯ ಬಂದರೆ ಆಗ ಕೇಳುತ್ತೇವೆ, ಬೇಕಾದವರು ಆಗಲೇ ಹಣ ಕೊಟ್ಟರೆ ಸಾಕು. ಪ್ಯಾಕೇಜ್ ಇರುವ ಮನೆಗಳಿಗೇ ಮೊದಲ ಅವಕಾಶ.

ವಿಂಡಿ ಸಿಟಿ ಬುಲ್ಸ್ ಬಗ್ಗೆ ಕೇಳಿದವರಿಗೆ: ಅದು ಬುಲ್ಸ್‌ನ ಕಿರಿಯರ ತಂಡ. ಷಾಂಬರ್ಗ್ ಕಡೆಯವರಿಗೆ ಪಕ್ಕದಲ್ಲೇ. ಟಿಕೆಟ್ ಅಗ್ಗ, ಆಟಗಾರರು ಹತ್ತಿರದಿಂದ ಕಾಣುತ್ತಾರೆ, ಮಕ್ಕಳು ಮೂರನೇ ಕ್ವಾರ್ಟರ್‌ಗೆ ನಿದ್ದೆ ಮಾಡಿದರೂ ಬೇಜಾರಿಲ್ಲ. ಎಸೆಂಗೆ ಅಲ್ಲಿ ಆಡುವ ಸಾಧ್ಯತೆ ಚೆನ್ನಾಗಿದೆ. ದೊಡ್ಡ ತಂಡದಲ್ಲಿ ನೋಡಬೇಕಾದ ಹುಡುಗ ಎಂದರೆ ಮಟಾಸ್ ಬುಜೆಲಿಸ್. ನೇಪರ್‌ವಿಲ್‌ನಿಂದ ಊರೊಳಗೆ ಹೋಗುವ ಮೆಟ್ರಾ ರೈಲು ಹಾದುಹೋಗುವ ಹಿನ್ಸ್‌ಡೇಲ್‌ನಲ್ಲಿ ಬೆಳೆದವರು, ಕಳೆದ ವರ್ಷದ 11ನೇ ಪಿಕ್. ಅವರು ತಪ್ಪು ಮಾಡುತ್ತಾ ಕಲಿಯುವುದನ್ನು ನೋಡಲು ದುಡ್ಡು ಕೊಡಲು ನಾವಂತೂ ತಯಾರು.

ಸೆಪ್ಟೆಂಬರ್ 15ರ ಒಳಗೆ ನಿಮ್ಮ ಆಯ್ಕೆ ತಿಳಿಸಿ. ಮುಂಗಡ ವಾಪಸ್ ಬೇಕಾದವರು ಏನೂ ಮಾಡಬೇಕಿಲ್ಲ, ಹಣ ತಾನಾಗಿ ಬರುತ್ತದೆ. ಅದನ್ನೇ ಹೊಸ ಪ್ಯಾಕೇಜ್‌ಗೆ ಸೇರಿಸಬೇಕು ಎನ್ನುವವರು ಈ ಪತ್ರಕ್ಕೆ ಉತ್ತರವಾಗಿ ಒಂದು ಸಾಲು ಬರೆದರೆ ಸಾಕು. ಹಳೆಯ ಹಾಗೆ 41 ಪಂದ್ಯವೂ ಬೇಕೇಬೇಕು ಎನ್ನುವ ಮನೆಗಳು ಇದ್ದರೆ ಫೋನ್ ಮಾಡಿ. ಐದು ಪ್ಯಾಕೇಜ್ ಜೋಡಿಸಿ 40 ಪಂದ್ಯಕ್ಕೆ ದಾರಿ ಮಾಡಿಕೊಡುತ್ತೇವೆ, ಬಿಟ್ಟುಹೋಗುವ ಒಂದು ಯಾವುದು ಎಂದು ನೀವೇ ಹೇಳಿ. ನಮ್ಮ ಸಲಹೆ ಕೇಳಿದರೆ, ಮಯಾಮಿ.

ಇಂತಿ,
ನಿಮ್ಮ ಟಿಕೆಟ್ ಕೂಟದವರು